ಒಣಭೂಮಿಗೊಂದು ಪೊಟ್ಟಣ

ಸುಮ್ಮನೆ ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸೂಕ್ಷ್ಮಜೀವಿ ಅವತ್ತು ಸಂಜೆ ಗೇಟಿನ ಹತ್ತಿರ ನಿಂತು ಮಾತಾಡಿದ.

ಸೂಕ್ಷ್ಮಜೀವಿ ಎಂಬುದು ಬೀದಿಯವರು ಅವನಿಗಿಟ್ಟ ಹೆಸರು. ಊರ ಹೊರಗಿನ ಒಣಬೇಸಾಯ ಸಂಶೋಧನಾ ಕೇಂದ್ರದಲ್ಲಿ ಅವನು ಲ್ಯಾಬ್ ಸಹಾಯಕ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನು ಸಾಕುವುದು ಅವನ ಉದ್ಯೋಗ. ಆಳೂ ಹಾಗೆಯೇ. ಪಕ್ಕಕ್ಕೆ ತಿರುಗಿ ನಿಂತರೆ ಕಾಣುವುದೇ ಕಷ್ಟ. ಯಾರಾದರೂ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಹಾಗಾಗಿ ಹೆಸರು ಎಲ್ಲ ರೀತಿಯಿಂದಲೂ ಒಪ್ಪುತ್ತಿತ್ತು. ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾಗಿದ್ದರೂ ಅವನು ಇನ್ನೂ ಹಂಗಾಮಿ. ಕೇಂದ್ರದ ಬೇಲಿಯ ಗೂಟಗಳು ಕೂಡ ಕಾಂಕ್ರೀಟಿನಲ್ಲಿ ಕಾಯಂ ಆಗಿದ್ದವು, ಇವನೊಬ್ಬ ಆಗಿರಲಿಲ್ಲ.

ಆ ಸಂಜೆ ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣವಿತ್ತು. ಕೇಂದ್ರದ ಫ್ರಿಜ್ಜು ಕೆಟ್ಟು ಒಳಗಿದ್ದದ್ದೆಲ್ಲ ಹಾಳಾಗಿ, ಉಳಿದದ್ದು ಇದೊಂದೇ. ನೋಡಿದವರಿಗೆ ಅದು ಬರೀ ಇದ್ದಿಲ ಪುಡಿ. ಆದರೆ ಆ ಪುಡಿಯೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಂಸಾರ ಹೂಡಿದ್ದವು. ಹಾಳುಬಿದ್ದ ಕಲ್ಲುಗಣಿಯ ಬಿರುಕಿನಲ್ಲಿ ಬದುಕಿಕೊಂಡಿದ್ದ ಒಂದು ಕಳೆಗಿಡದ ಬೇರಿನಿಂದ ಅವನ್ನು ಬಿಡಿಸಿ ತಂದು, ಮೂರು ವರ್ಷ ಹೆತ್ತ ಮಕ್ಕಳ ಹಾಗೆ ಸಾಕಿದವನು ಸೂಕ್ಷ್ಮಜೀವಿಯೇ. ಬಿತ್ತುವ ಮುಂಚೆ ಬೀಜಕ್ಕೆ ಲೇಪಿಸಿದರೆ ಅವು ಬೇರಿನ ಸುತ್ತ ಮನೆ ಮಾಡಿಕೊಂಡು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿದ್ದವು. ಒಂದಿಷ್ಟು ತೇವವನ್ನೂ ಹಿಡಿದಿಡುತ್ತಿದ್ದವು. ಮಾರನೆಯ ದಿನ ಮಧ್ಯಾಹ್ನ ಪ್ರಧಾನ ಕಚೇರಿಯಿಂದ ನಿರ್ದೇಶಕರು ಬರುವವರಿದ್ದರು. "ಅವರು ನೋಡಿ ಮೆಚ್ಚಿದರೆ ನಿನ್ನ ಕಾಯಂ ಆದೇಶಕ್ಕೆ ಅಲ್ಲೇ ರುಜು" ಎಂದು ಹಿರಿಯ ವಿಜ್ಞಾನಿ ಮೇಡಂ ಹೇಳಿದ್ದರು.

ಗೇಟಿನಲ್ಲಿ ಸಿಕ್ಕಿದವರು ಕೆಳಗಡೆ ವಾಸವಾಗಿದ್ದ ಮನೆ ಮಾಲೀಕರು.

"ಏನಪ್ಪಾ ಅದು? ಹಸುಗೂಸು ಎತ್ಕೊಂಡ ಹಾಗೆ ಎತ್ಕೊಂಡು ಬರ್ತಿದೀಯಾ?"

ಬೇರೆ ದಿನವಾಗಿದ್ದರೆ ಸೂಕ್ಷ್ಮಜೀವಿ "ಏನಿಲ್ಲ ಸಾರ್" ಎಂದು ನುಸುಳಿಕೊಳ್ಳುತ್ತಿದ್ದ. ಅವತ್ತು ಕಾಯಂ ಆಗುವ ಆಸೆ ತಲೆಗೇರಿತ್ತು. ಎದೆ ಉಬ್ಬಿಸಿ ಹೇಳಿದ: "ಸಾರ್, ಇದನ್ನ ಸಾಮಾನ್ಯ ಪುಡಿ ಅಂದ್ಕೋಬೇಡಿ. ಒಂದು ಗರಿಕೆಯೂ ಹುಟ್ಟದ ಬರಡು ಜಾಗ ಇರಲಿ, ಇದು ಹೋಗಿ ಬೇರಿಗೆ ಅಂಟಿಕೊಂಡ್ರೆ ಸಾಕು. ತಿಂಗಳೊಳಗೆ ತಲೆ ಎತ್ತಿ ನಿಲ್ಲುತ್ತೆ!"

ಮಾಲೀಕರ ಬಲಗೈ ತಾನೇ ತಾನಾಗಿ ಮೇಲೆದ್ದು ಅವರ ನೆತ್ತಿಯನ್ನು ಸವರಿತು. ಅಲ್ಲಿ ಇಪ್ಪತ್ತು ವರ್ಷಗಳಿಂದ ಏನೂ ಬೆಳೆದಿರಲಿಲ್ಲ. ಮುಂದಿನ ತಿಂಗಳು ಅವರ ಹಳೆಯ ಸಹಪಾಠಿಗಳ ಕೂಟವಿತ್ತು.

"ಹೇಗಪ್ಪಾ ಹಚ್ಚೋದು?" ಎಂದು ಅವರು ದನಿ ತಗ್ಗಿಸಿ ಕೇಳಿದರು.

"ಬೆಲ್ಲದ ನೀರಲ್ಲಿ ಕಲಸಿ ಹಚ್ಚೋದು ಸಾರ್, ಚೆನ್ನಾಗಿ ಅಂಟುತ್ತೆ. ಆಮೇಲೆ ನೆರಳಲ್ಲೇ ಒಣಗಿಸಬೇಕು. ಬಿಸಿಲು ಕಂಡ್ರೆ ಸತ್ತುಹೋಗ್ತವೆ."

ಇಷ್ಟು ಹೇಳಿ ಅವನು ಮೇಲೆ ಹೋಗಿ, ಪೊಟ್ಟಣವನ್ನು ಫ್ರಿಜ್ಜಿನಲ್ಲಿಟ್ಟು, ಉಂಡು ಮಲಗಿದ.

ಬೆಳಿಗ್ಗೆ ಎದ್ದು ಫ್ರಿಜ್ಜು ತೆರೆದಾಗ ಪೊಟ್ಟಣ ಇರಲಿಲ್ಲ. ಮೊದಲು ಅವನು ನಂಬಲಿಲ್ಲ. ಬಾಗಿಲು ಮುಚ್ಚಿ, ಮತ್ತೆ ತೆರೆದು ನೋಡಿದ. ಟೊಮೇಟೊ ಇತ್ತು, ಮೊಟ್ಟೆ ಇತ್ತು, ಹಾಲಿತ್ತು.

"ಅತ್ತೇ! ಇಲ್ಲಿಟ್ಟಿದ್ದ ಪೊಟ್ಟಣ ಎಲ್ಲಿ?"

ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಡಿಮಿಡಿಗುಟ್ಟುತ್ತಿದ್ದರು. ಸೋಪು ಹಾಕಿ ತೊಳೆದದ್ದನ್ನು ತೊಳೆದದ್ದೆಂದು ಒಪ್ಪುವವರಲ್ಲ ಅವರು. ಇದ್ದಿಲನ್ನು ಕುಟ್ಟಿ, ಜರಡಿ ಹಿಡಿದು, ಡಬ್ಬಿ ತುಂಬಿಟ್ಟುಕೊಂಡು ಅದರಲ್ಲೇ ತಿಕ್ಕಬೇಕು.

"ನನ್ನ ತಿಕ್ಕೋ ಡಬ್ಬಿ ಯಾರು ಖಾಲಿ ಮಾಡಿದ್ದು ಅಂತ ನಾನು ಕೇಳ್ತಿದ್ರೆ, ಇವರು ಪೊಟ್ಟಣ ಅಂತಾರೆ. ಬರೀ ನಾರಲ್ಲಿ ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯ್ತು."

"ಅತ್ತೇ, ಪೊಟ್ಟಣ! ಕಪ್ಪಗಿತ್ತಲ್ಲ!"

"ಕರಿ ಪುಡೀನಾ? ಕೆಳಗಿನ ಮಾಲೀಕರು ಬೆಳ್ಳಂಬೆಳಿಗ್ಗೆ ಬಂದು ಕರಿ ಪುಡಿ ಕೊಡಮ್ಮ ಅಂದ್ರು. ನನ್ನ ಮಗಳು ಡ್ಯೂಟಿಗೆ ಹೊರಟಿದ್ಲು. ಒಳಗೆ ಹೋಗಿ ತಂದು ಕೊಟ್ಲು. ಹೂಂ, ಚೀಲ ಜೋಪಾನ ಅಂತ ಹೇಳಿದ್ದಾಳೆ. ಬಿಸಿಲಲ್ಲಿ ಇಡಬೇಡಿ ಅಂತೆ."

ಹೆಂಡತಿ ಬಸ್ ಕಂಡಕ್ಟರು. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಫೋನು ಅವಳ ಚೀಲದ ತಳದಲ್ಲಿ ತಾನಾಗಿ ಹಾಡಿ ತಾನಾಗಿ ಸುಮ್ಮನಾಗಬೇಕು. ಸೂಕ್ಷ್ಮಜೀವಿ ಆರು ಸಲ ಮಾಡಿದ, ಅದು ಆರು ಸಲವೂ ಹಾಡಿತು. ಬಾಗಿಲ ಮೊಳೆಗೆ ನೇತುಹಾಕಿದ್ದ ಊಟದ ಚೀಲವನ್ನು ಕಿತ್ತುಕೊಂಡು ಹೆಗಲಿಗೇರಿಸಿದ. ಚೀಲದ ತಳ ಒದ್ದೆಯಾಗಿತ್ತು. ಇವತ್ತೇ ಈ ಡಬ್ಬಿಯೂ ಸೋರಬೇಕೇ ಎಂದು ಶಪಿಸುತ್ತ ಮೆಟ್ಟಿಲಿಳಿದ.

ಮಾಲೀಕರು ಜಗಲಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಕೊರಳಿಗೆ ಟವೆಲ್ ಕಟ್ಟಿಕೊಂಡು, ಕಣ್ಣುಮುಚ್ಚಿ ಕುಳಿತಿದ್ದರು. ನೆತ್ತಿ ಹುಬ್ಬಿನವರೆಗೂ ಕಾವಲಿಯ ತಳದಷ್ಟು ಕಪ್ಪಗಿತ್ತು. ಬೆಲ್ಲದ ನೀರು ಒಂದೆರಡು ಕಡೆ ಕಿವಿಯ ಹಿಂದಕ್ಕೆ ಇಳಿದು ಹೆಪ್ಪುಗಟ್ಟಿತ್ತು. ಅವರ ಹೆಂಡತಿ ಪಕ್ಕದಲ್ಲಿ ನಿಂತು ದಿನಪತ್ರಿಕೆಯಿಂದ ನೊಣ ಓಡಿಸುತ್ತಿದ್ದರು. ಗೋಡೆಯ ಮೇಲಿಂದ ಇರುವೆಗಳ ಸಾಲೊಂದು ಕುರ್ಚಿಯ ಕಡೆಗೆ ಬಹಳ ಉತ್ಸಾಹದಿಂದ ಹೊರಟಿತ್ತು.

"ಬಾರಪ್ಪಾ, ಬಾ" ಎಂದರು ಮಾಲೀಕರು ಕಣ್ಣು ತೆರೆಯದೆ. "ನೀನು ಹೇಳಿದ ಹಾಗೇ ಮಾಡಿದೀನಿ ನೋಡು. ಈಗಾಗ್ಲೇ ಚುರುಚುರು ಅಂತಿದೆ. ಬೇರು ಹಿಡೀತಿರಬೇಕು."

"ಅದು ಇರುವೆ" ಎಂದರು ಹೆಂಡತಿ.

"ಸಾರ್, ಅದು ಜೋಳಕ್ಕೆ ಹಾಕೋದು ಸಾರ್! ತಲೆಗಲ್ಲ!"

"ಒಣಭೂಮಿ ಅಂದ್ಮೇಲೆ ಒಣಭೂಮಿ. ಜೋಳ ಆದ್ರೇನು, ಕೂದಲಾದ್ರೇನು? ಎರಡಕ್ಕೂ ಬೇರು ಇಲ್ವಾ?"

ಸೂಕ್ಷ್ಮಜೀವಿ ಕೈಮುಗಿದು, ಕಾಯಂ ಆಗುವ ವಿಷಯವನ್ನೂ ನಿರ್ದೇಶಕರ ವಿಷಯವನ್ನೂ ಹೇಳಿ, ಅಳುವುದೊಂದು ಬಾಕಿ ಎಂಬಂತೆ ನಿಂತ. ಮಾಲೀಕರು ಕೆಟ್ಟವರಲ್ಲ. ಒಂದು ಕಣ್ಣು ತೆರೆದು ತೀರ್ಪು ಕೊಟ್ಟರು.

"ಎಡಗಡೆ ಕೆರ್ಕೊಂಡು ಹೋಗು. ಬಲಗಡೆ ಮುಟ್ಟಬೇಡ. ಫೋಟೋದಲ್ಲಿ ನಾನು ಬಲಗಡೆಯಿಂದ್ಲೇ ಚೆನ್ನಾಗಿ ಕಾಣೋದು."

"ಉಳಿದದ್ದು ಎಲ್ಲಿ ಸಾರ್? ಪುಡಿ ಇನ್ನೂ ಇತ್ತಲ್ಲ?"

"ಒಳ್ಳೇದನ್ನ ಒಬ್ಬನೇ ಅನುಭವಿಸಬಾರದು ಅಂತ ಸಲೂನಿನವನಿಗೆ ಕೊಟ್ಟೆ. ಬ್ಯಾಂಡ್ ಮೇಷ್ಟ್ರೂ ಔಷಧಿ ಅಂಗಡಿಯವರೂ ಅಲ್ಲೇ ಕೂತಿದಾರೆ."

ಸೂಕ್ಷ್ಮಜೀವಿ ಮಾಲೀಕರ ಹೆಂಡತಿಯಿಂದ ಒಂದು ಗಾಜಿನ ಬಾಟಲಿಯನ್ನೂ ಒಂದು ಚಮಚವನ್ನೂ ಇಸಿದುಕೊಂಡು, ಎಡಗಡೆಯ ಅರ್ಧವನ್ನು ಕೆರೆದು ತುಂಬಿಕೊಂಡ. ಮೂರು ಇರುವೆಗಳೂ ಬಂದವು. ಅವನ್ನು ಆರಿಸಲು ಪುರುಸೊತ್ತಿರಲಿಲ್ಲ.

ಸಲೂನಿನಲ್ಲಿ ಫ್ಯಾನು ತಿರುಗುತ್ತಿತ್ತು, ಕಿಟಕಿಗೆಲ್ಲ ಪರದೆ ಎಳೆದಿತ್ತು. ಎರಡು ಕುರ್ಚಿಗಳಲ್ಲಿ ಬಿಳಿ ಬಟ್ಟೆ ಹೊದ್ದ ಎರಡು ಕಪ್ಪು ತಲೆಗಳು ಕನ್ನಡಿಯನ್ನೇ ದಿಟ್ಟಿಸುತ್ತಿದ್ದವು, ಯಾವ ಗಳಿಗೆಯಲ್ಲಾದರೂ ಮೊಳಕೆ ಬರಬಹುದು ಎಂಬಂತೆ. ಸಲೂನಿನವನು ಬಾಗಿಲಲ್ಲೇ ಅವನನ್ನು ತಬ್ಬಿಕೊಂಡ.

"ಅಣ್ಣಾ, ನೀವು ದೇವರು! ಇವರಿಬ್ಬರೂ ನನ್ನ ಅಂಗಡಿಗೆ ಬರೀ ಪೇಪರ್ ಓದೋಕೆ ಬರ್ತಿದ್ರು. ಇನ್ನು ಗಿರಾಕಿಗಳಾಗ್ತಾರೆ!"

"ಅದನ್ನೆಲ್ಲ ವಾಪಸ್ ಕೊಡಬೇಕು" ಎಂದ ಸೂಕ್ಷ್ಮಜೀವಿ.

ಬ್ಯಾಂಡ್ ಮೇಷ್ಟರು ಕುರ್ಚಿಯಲ್ಲೇ ಸೆಟೆದು ಕುಳಿತರು. ಬ್ಯಾಂಡು ಬಿಟ್ಟು ಎಷ್ಟು ವರ್ಷವಾಗಿದ್ದರೂ ಅವರ ದನಿ ಕಹಳೆಯನ್ನು ಬಿಟ್ಟಿರಲಿಲ್ಲ. "ಏನಂದೆ? ಹಚ್ಚಿದ್ದನ್ನ ವಾಪಸ್ಸಾ? ನನ್ನ ತಲೆಗೆ ಕೈ ಹಾಕು, ನೋಡೋಣ!"

ಸೂಕ್ಷ್ಮಜೀವಿ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಮಾತು ಬಂದಿದ್ದರೆ ಮನೆಗೆ ಓಡಿಹೋಗುತ್ತಿದ್ದನೋ ಏನೋ. ಆದರೆ ಹೆದರಿದವನ ಬುದ್ಧಿ ಒಮ್ಮೊಮ್ಮೆ ಚುರುಕಾಗುತ್ತದೆ. ಅವನು ಬಹಳ ಸಾವಧಾನವಾಗಿ ಹೇಳಿದ:

"ನಿಮ್ಮಿಷ್ಟ ಮೇಷ್ಟ್ರೇ. ಇದನ್ನ ನಾನು ಜೋಳಕ್ಕೆ ಅಂತ ಪಳಗಿಸಿರೋದು. ಅದು ಬೇರೇನನ್ನೂ ಕಂಡಿಲ್ಲ. ಹಾಗೇ ಬಿಟ್ರೆ ಮೇಲೆ ಏನು ಎದ್ದು ಬರುತ್ತೆ ಅಂತ ನಾನು ಹೇಳಲಾರೆ."

ಮೇಷ್ಟರು ಕನ್ನಡಿಗೆ ಇನ್ನಷ್ಟು ಬಗ್ಗಿ ತಮ್ಮ ನೆತ್ತಿಯನ್ನು ನೋಡಿಕೊಂಡರು.

"ಅಂದ್ರೆ... ತೆನೆ?" ಎಂದರು ಔಷಧಿ ಅಂಗಡಿಯವರು, ಬಟ್ಟೆಯೊಳಗಿಂದ.

"ಮೊದಲು ಎಲೆ ಬರುತ್ತೆ" ಎಂದ ಸೂಕ್ಷ್ಮಜೀವಿ.

ಮುಂದಿನ ಕೆಲಸ ಸಲೀಸಾಯಿತು. ಮೇಷ್ಟರೇ ತಲೆ ಬಗ್ಗಿಸಿದರು. ಸಲೂನಿನವನು ನೊಂದ ಮುಖದಿಂದ ಕ್ಷೌರದ ಬ್ರಷ್ಷಿನಲ್ಲಿ ಇಬ್ಬರ ನೆತ್ತಿಯನ್ನೂ ಸಾರಿಸಿ, ಬಂದದ್ದನ್ನೆಲ್ಲ ಬಾಟಲಿಗೆ ಇಳಿಸಿದ. ಔಷಧಿ ಅಂಗಡಿಯವರ ತಲೆಯಂಚಿನ ನಾಲ್ಕೆಂಟು ನರೆಗೂದಲೂ ಅದರೊಂದಿಗೆ ಹೊರಟುಬಂದವು. ಇದ್ದ ಬಂಡವಾಳವೂ ಹೋಯಿತಲ್ಲ ಎಂದು ಅವರು ಕನ್ನಡಿಯಲ್ಲಿ ನೋಡಿಕೊಂಡು ಮರುಗಿದರು.

ಬಾಟಲಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಊಟದ ಚೀಲವನ್ನು ಅದರ ಮೇಲೆ ಅವುಚಿಕೊಂಡು ಸೂಕ್ಷ್ಮಜೀವಿ ಕೇಂದ್ರಕ್ಕೆ ಓಡಿದ. ಹಸಿವಿನ ನೆನಪೂ ಅವನಿಗಿರಲಿಲ್ಲ. ಚೀಲವನ್ನು ಲ್ಯಾಬಿನ ಮೇಜಿನ ಕೆಳಗೆ ತಳ್ಳಿ, ಬಿಳಿ ಕೋಟು ಹಾಕಿಕೊಂಡು ಅಂಗಳಕ್ಕೆ ಬರುವ ಹೊತ್ತಿಗೆ ರೈತರು ಸುತ್ತ ನೆರೆದಿದ್ದರು, ನಿರ್ದೇಶಕರ ಜೀಪು ಬಂದು ನಿಂತಿತ್ತು.

ನಿರ್ದೇಶಕರು ಗತ್ತಿನ ಮನುಷ್ಯ. ಇಸ್ತ್ರಿ ಕೆಡದ ಅಂಗಿ, ಮಿರಿಮಿರಿ ಬೂಟು, ಕೈಯಲ್ಲೊಂದು ಬೆತ್ತ, ತಲೆಗೆ ಅಗಲ ಅಂಚಿನ ಟೋಪಿ. ಯಾವುದನ್ನು ತೋರಿಸಿದರೂ ಬೆತ್ತದಿಂದ ಒಮ್ಮೆ ಮುಟ್ಟಿ "ಗುಡ್" ಎನ್ನುತ್ತಿದ್ದರು. ಕೇಂದ್ರದ ನಾಯಿಗೂ ಒಂದು ಗುಡ್ ಸಿಕ್ಕಿತ್ತು.

ಸೂಕ್ಷ್ಮಜೀವಿ ತಾಡಪಾಲಿನ ಮೇಲೆ ಜೋಳದ ಬೀಜ ಹರಡಿ, ಬಾಟಲಿಯಲ್ಲಿದ್ದದ್ದನ್ನು ಸುರಿದು ಎರಡೂ ಕೈಯಿಂದ ಮೆಲ್ಲಗೆ ಉರುಳಿಸಿದ. ಬೀಜಗಳು ಒಂದೊಂದೂ ಕಪ್ಪು ಕೋಟು ತೊಟ್ಟವು. ಮುಂದೆ ಕುಳಿತಿದ್ದ ಹಿರಿಯ ರೈತರೊಬ್ಬರು ಒಂದು ಹಿಡಿ ಎತ್ತಿಕೊಂಡು ಕಣ್ಣಿನ ಹತ್ತಿರ ತಂದರು.

"ಏನ್ ತಮ್ಮಾ ಇದು? ಬೆಳ್ಳಗೆ, ಉದ್ದಕ್ಕೆ, ಕೂದಲಿದ್ದ ಹಾಗಿದೆ?"

"ಬೇರಿನ ಎಳೆ, ಅಜ್ಜಾ" ಎಂದ ಸೂಕ್ಷ್ಮಜೀವಿ.

"ಗುಡ್" ಎಂದರು ನಿರ್ದೇಶಕರು.

ಬೀಜವನ್ನು ನೆರಳಿನಲ್ಲಿ ಒಣಗಲು ಬಿಟ್ಟು ಎಲ್ಲರೂ ಲ್ಯಾಬಿಗೆ ಬಂದರು. ಮೇಡಂ ಒಂದು ಚಿಟಿಕೆ ಲೇಪವನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ನೋಡಿದವರು ತಲೆಯೆತ್ತಿ ಸೂಕ್ಷ್ಮಜೀವಿಯನ್ನು ನೋಡಿದರು. ಮತ್ತೆ ಬಗ್ಗಿ ನೋಡಿದರು.

"ನಿಂದು ಕಡ್ಡಿ ಕಡ್ಡಿಯಾಗಿ ಇರೋದಲ್ವಾ? ಇವು ಗುಂಡಗಿವೆ. ಗೊಂಚಲು ಗೊಂಚಲಾಗಿ!"

ಸೂಕ್ಷ್ಮಜೀವಿಯೂ ಬಗ್ಗಿ ನೋಡಿದ. ಮೂರು ವರ್ಷ ಸಾಕಿದ ಮಕ್ಕಳು ಎಲ್ಲಿ ಹೋದವು? ಅಷ್ಟು ಕೋಟಿಯಲ್ಲಿ ಒಂದಾದರೂ ಬದುಕಿ ಉಳಿದಿಲ್ಲವೇ? ಇನ್ನೇನು ಎಲ್ಲವನ್ನೂ ಒಪ್ಪಿಕೊಂಡು ಕಾಲಿಗೆ ಬೀಳಬೇಕು, ಅಷ್ಟರಲ್ಲಿ ನಿರ್ದೇಶಕರು ಟೋಪಿಯ ಅಂಚನ್ನು ಮೇಲಕ್ಕೆ ಮಡಚಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಅಬ್ಬಾ! ಏನು ಸಂಖ್ಯೆ! ಸಂತೆ ನೆರೆದ ಹಾಗಿದೆಯಲ್ಲಯ್ಯಾ! ಹೊಸ ತಳಿನಾ ಇದು? ಎಲ್ಲಿ ಸಿಕ್ತು?"

"ನಮ್ಮ ಮನೆ ಮಾಲೀಕರ ಹತ್ತಿರ ಸರ್" ಎಂದುಬಿಟ್ಟ ಸೂಕ್ಷ್ಮಜೀವಿ.

"ಅವರ ಸ್ವಂತ ಜಾಗವಾ?"

"ಸ್ವಂತದ್ದೇ ಸರ್. ಅವರ ತಂದೆಯ ಕಾಲದಿಂದ ಹಾಗೇ ಬಂದಿದ್ದು."

"ಎಷ್ಟು ವರ್ಷದಿಂದ ಬೀಳುಬಿದ್ದಿದೆ?"

"ಇಪ್ಪತ್ತು ವರ್ಷ ಆಯ್ತು ಸರ್. ಅಂಚಿನಲ್ಲಿ ಒಂದಿಷ್ಟು ಇದೆ. ನಡುವೆ ಏನಂದ್ರೆ ಏನೂ ಇಲ್ಲ."

"ನೀರಿನ ಅನುಕೂಲ?"

"ದಿನಾ ಬೆಳಿಗ್ಗೆ ಹಾಕ್ತಾರೆ ಸರ್. ನಿಲ್ಲೋದಿಲ್ಲ. ಇಳಿಜಾರು."

"ಗೊಬ್ಬರ?"

"ಬಗೆಬಗೆಯ ಎಣ್ಣೆ ಹಾಕಿ ನೋಡಿದಾರೆ ಸರ್."

"ಎಣ್ಣೆ! ಭೂಮಿಗೆ!" ನಿರ್ದೇಶಕರು ಬೆತ್ತವನ್ನು ನೆಲಕ್ಕೆ ಕುಟ್ಟಿದರು. "ನೋಡಿ ಮೇಡಂ, ಅಜ್ಞಾನ ಅಂದ್ರೆ ಇದು. ಇಂಥ ನೆಲದಿಂದ ಇಂಥದ್ದನ್ನ ಹೆಕ್ಕಿ ತಂದಿದಾನಲ್ಲ, ಈ ಹುಡುಗ ಗಟ್ಟಿಗ. ಏನಯ್ಯಾ, ನಿನ್ನ ಮನೆ ಎಲ್ಲಿ?"

ಸೂಕ್ಷ್ಮಜೀವಿ ಬೀದಿಯ ಹೆಸರು ಹೇಳಿದ. ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ ಎಂಬುದೊಂದೇ ಅವನಿಗೆ ಸಮಾಧಾನ.

"ನಾನು ಆ ನೆಲ ಕಣ್ಣಾರೆ ನೋಡಬೇಕು. ನೋಡಿದ ಮೇಲೆ ನಿನ್ನ ಆದೇಶಕ್ಕೆ ರುಜು ಹಾಕ್ತೀನಿ. ಗುಡ್!"

ಊಟದ ಚೀಲ ಹೆಗಲಿಗೇರಿಸಿ ಸಂಜೆಯ ಬಸ್ಸು ಹತ್ತಿದಾಗ ಸೂಕ್ಷ್ಮಜೀವಿಯ ಮುಖ ಹಿಂಡಿ ಒಣಹಾಕಿದ ಬಟ್ಟೆಯಂತಿತ್ತು. ಅದು ಅವನ ಹೆಂಡತಿಯ ಬಸ್ಸು. ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಅವನ ಪಕ್ಕದಲ್ಲಿ ನಿಂತು ಟಿಕೆಟ್ ಹರಿದಳು.

"ಯಾಕ್ರೀ ಹೀಗಿದೀರಾ? ಊಟ ಮಾಡಿದ್ರಾ?"

"ಊಟ ಬೇರೆ ಕೇಡು ನನಗೆ! ನನ್ನ ಪೊಟ್ಟಣ ಮಾಲೀಕರಿಗೆ ಎತ್ತಿ ಕೊಟ್ಟೆಯಲ್ಲೇ! ಮೂರು ವರ್ಷ ಸಾಕಿದ್ದು. ಬೋಳು ತಲೆಗಳನ್ನ ಕೆರ್ಕೊಂಡು ತಿರುಗಿದೆ ಕಣೇ ಬೆಳಿಗ್ಗೆಯಿಂದ!"

"ಯಾರ್ರೀ ಅದು ಹಿಂದೆ, ಮೆಟ್ಟಿಲ ಮೇಲೆ ನಿಲ್ಲಬೇಡಿ! ಒಳಗೆ ಬನ್ನಿ!" ಎಂದು ಕೂಗಿ, ಅವಳು ಅವನ ಕಡೆ ತಿರುಗಿದಳು. "ನಿಮ್ಮ ಪೊಟ್ಟಣ ನಾನ್ಯಾಕೆ ಕೊಡಲಿ? ನನಗೆ ಬುದ್ಧಿ ಇಲ್ವಾ? ಕರಿ ಪುಡಿ ಕೊಡಮ್ಮಾ ಅಂತ ಬಾಗಿಲಲ್ಲಿ ನಿಂತ್ರು. ಮನೆ ಮಾಲೀಕರಿಗೆ ಇಲ್ಲ ಅನ್ನೋಕಾಗುತ್ತಾ? ಅಮ್ಮನ ಪಾತ್ರೆ ತಿಕ್ಕೋ ಡಬ್ಬಿ ಸುರಿದು ಕೊಟ್ಟೆ. ಟಿಕೆಟ್, ಟಿಕೆಟ್!"

ಅವಳು ಮುಂದೆ ಹೋಗದ ಹಾಗೆ ಸೂಕ್ಷ್ಮಜೀವಿ ಅವಳ ಟಿಕೆಟ್ ಚೀಲ ಹಿಡಿದುಕೊಂಡ.

"ಹಾಗಾದ್ರೆ ನಂದು?"

"ಆ ಮನುಷ್ಯ ಇನ್ನಷ್ಟು ಬೇಕು ಅಂತ ಮತ್ತೆ ಬರ್ತಾರೆ, ಅಮ್ಮ ಫ್ರಿಜ್ಜಲ್ಲಿರೋದನ್ನ ಎತ್ತಿ ಕೊಟ್ಟುಬಿಡ್ತಾಳೆ ಅಂತ, ಒದ್ದೆ ಬಟ್ಟೆ ಸುತ್ತಿ ನಿಮ್ಮ ಊಟದ ಡಬ್ಬಿ ಕೆಳಗೇ ಇಟ್ಟೆ. ಎಬ್ಬಿಸಿ ಹೇಳಿದೆ. ನೀವು ಮುಸುಕೊಳಗಿಂದ ಹೂಂ ಅಂದ್ರಿ. ಚೀಲ ಜೋಪಾನ ಅಂತ ಅಮ್ಮನ ಹತ್ರಾನೂ ಹೇಳಿ ಬಂದಿದ್ದೆ. ಒಂದು ಸಲ ಬಿಚ್ಚಿ ಉಣ್ಣೋದಲ್ವಾ?"

ಅವನು ಚೀಲ ಬಿಚ್ಚಿದ. ಡಬ್ಬಿಯ ಕೆಳಗೆ, ಇನ್ನೂ ತಣ್ಣಗಿದ್ದ ಬಟ್ಟೆಯೊಳಗೆ, ಪೊಟ್ಟಣ ಹಾಯಾಗಿ ಮಲಗಿತ್ತು. ದಿನವಿಡೀ ಹೆಗಲ ಮೇಲೆ ಹೊತ್ತು ತಿರುಗಿದ್ದು ಇದನ್ನೇ! ಅದನ್ನು ಕೆನ್ನೆಗೊತ್ತಿಕೊಂಡ. ತುಂಬಿದ ಬಸ್ಸಿನಲ್ಲಿ ಹೆಂಡತಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು, ಬೀಳಲು ಜಾಗವಿರಲಿಲ್ಲ. ನಾಳೆ ಬೆಳಿಗ್ಗೆ ಮೇಡಂ ಮುಂದೆ ಇದನ್ನಿಟ್ಟು ನಡೆದದ್ದನ್ನೆಲ್ಲ ಹೇಳಿಬಿಡುವುದು. ಸೂಕ್ಷ್ಮದರ್ಶಕದಲ್ಲಿ ಕಡ್ಡಿ ಕಡ್ಡಿ ಕಂಡಮೇಲೆ ಯಾರೂ ಏನೂ ಅನ್ನಲಾರರು ಎಂದುಕೊಂಡ. ಕಾಯಂ ಕೆಲಸ ಮತ್ತೆ ಕಣ್ಣೆದುರು ಬಂದು ನಿಂತಿತು. ಅಲ್ಲೇ ಕುಳಿತು ಬೆಳಗಿನ ಊಟವನ್ನು ಗಬಗಬನೆ ಮುಗಿಸಿದ.

ಬಸ್ಸಿಳಿದು ಬೀದಿಗೆ ತಿರುಗಿದಾಗ ಅವನ ಮನೆಯ ಗೇಟಿನ ಮುಂದೆ ನಿರ್ದೇಶಕರ ಜೀಪು ನಿಂತಿತ್ತು.

ಮಾಲೀಕರ ಮುಂದಿನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಮಾಲೀಕರು ಎಡಗಡೆ ಬೆಳ್ಳಗೆ, ಬಲಗಡೆ ಕಪ್ಪಗೆ, ಎರಡು ಬೆಳೆ ಹಾಕಿದ ಹೊಲದಂತೆ ಕುಳಿತಿದ್ದರು. ಎದುರಿನ ಕುರ್ಚಿಯಲ್ಲಿ ನಿರ್ದೇಶಕರು. ಬೆತ್ತ ಮೂಲೆಯಲ್ಲಿತ್ತು.

"ಬಾರಯ್ಯಾ" ಎಂದರು ನಿರ್ದೇಶಕರು ಗಂಭೀರವಾಗಿ. "ನೆಲ ನೋಡೋಣ ಅಂತ ಬಂದೆ. ಯಜಮಾನ್ರು ತೋರಿಸಿದ್ರು."

ಸೂಕ್ಷ್ಮಜೀವಿಗೆ ಇನ್ನು ತಡೆಯಲಾಗಲಿಲ್ಲ. ಗೇಟಿನ ಮಾತಿನಿಂದ ಹಿಡಿದು ಬಸ್ಸಿನ ಮಾತಿನವರೆಗೆ ಒಂದೂ ಬಿಡದೆ ಒದರಿದ. ಮಾಲೀಕರ ತಲೆಗೆ ಹತ್ತಿದ್ದು ಪಾತ್ರೆ ತಿಕ್ಕುವ ಪುಡಿ ಎಂದ. ಮಧ್ಯಾಹ್ನ ಕಂಡದ್ದು ಬೆಳೆಯ ಬ್ಯಾಕ್ಟೀರಿಯಾ ಅಲ್ಲ, ಮೂವರು ಗೃಹಸ್ಥರ ನೆತ್ತಿಯದು ಎಂದ. ಅಂಗಳದಲ್ಲಿ ಒಣಗುತ್ತಿರುವ ಬೀಜವನ್ನು ಬಿತ್ತಬೇಡಿ ಎಂದ. ಕೊನೆಗೆ ಚೀಲದಿಂದ ಪೊಟ್ಟಣ ತೆಗೆದು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ನಿಜವಾದದ್ದು ಇದು ಸರ್. ಇದರಲ್ಲಿ ನನ್ನ ಮೂರು ವರ್ಷ ಇದೆ. ಉಳಿದಿರೋದು ಇದೊಂದೇ. ಇದನ್ನ ನೋಡಿ ಸರ್, ಆಮೇಲೆ ಬೇಕಾದ್ರೆ ಬೈರಿ."

"ಪಾತ್ರೆ ತಿಕ್ಕೋ ಪುಡೀನಾ!" ಎಂದು ಮಾಲೀಕರು ಬಲಗಡೆಯನ್ನು ಮುಟ್ಟಿಕೊಂಡರು.

ನಿರ್ದೇಶಕರು ಬೈಯಲಿಲ್ಲ. ಪೊಟ್ಟಣವನ್ನು ಇಸಿದುಕೊಂಡು, ದೀಪಕ್ಕೆ ಹಿಡಿದು, ಅಂಗೈಯಲ್ಲಿ ತೂಗಿ ನೋಡಿದರು.

"ಹಾಗಾದ್ರೆ ಇದನ್ನ ಇನ್ನೂ ಯಾರ ಮೇಲೂ ಪರೀಕ್ಷೆ ಮಾಡಿಲ್ಲ?"

"ಜೋಳದ ಮೇಲೆ ಮಾಡಿದೀನಿ ಸರ್."

"ಜೋಳದಲ್ಲಿ ಹೇಗೆ ಬಂತು?"

"ತಿಂಗಳೊಳಗೆ ತಲೆ ಎತ್ತಿ ನಿಂತಿತು ಸರ್."

ನಿರ್ದೇಶಕರು ಎದ್ದು ಹೋಗಿ ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು. ಮರಳಿ ಬಂದು ಕುಳಿತು, ಆ ಅಗಲ ಅಂಚಿನ ಟೋಪಿಯನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದೀಪದ ಬೆಳಕು ಕೋಣೆಯಲ್ಲಿ ಇಮ್ಮಡಿಯಾಯಿತು.

"ಯಜಮಾನ್ರೇ" ಎಂದರು ಅವರು. "ಬೆಳಗಿನ ಬೆಲ್ಲದ ನೀರು ಉಳಿದಿದೆಯಾ?"

"ಸರ್!" ಸೂಕ್ಷ್ಮಜೀವಿ ಪೊಟ್ಟಣಕ್ಕೆ ಕೈ ಚಾಚಿದ. "ಸರ್, ಅದು ಬೀಜಕ್ಕೆ... ರೈತರಿಗೆ..."

"ರೈತರಿಗೆ ಇಲ್ಲ ಅಂದವರಾರು? ಮೊದಲು ಇಲಾಖೆ ಮಟ್ಟದಲ್ಲಿ ಪರೀಕ್ಷೆ ಆಗಬೇಕಲ್ಲ. ನೀನೇ ಹೇಳಿದ್ದೀಯಂತೆ, ಒಂದು ಗರಿಕೆ ಹುಟ್ಟದ ಬರಡು ಜಾಗದಲ್ಲೂ ಬರುತ್ತೆ ಅಂತ. ನೋಡು, ಜಾಗ ಕೊಟ್ಟಿದೀನಿ."

ಮಾಲೀಕರು ಬೆಲ್ಲದ ನೀರಿನ ಪಾತ್ರೆ ತಂದರು. ತಮಗೆ ಬೆಳಿಗ್ಗೆ ಮೋಸವಾಗಿದೆಯೆಂದೂ, ಅದಕ್ಕೆ ಪರಿಹಾರವಾಗಿ ಪೊಟ್ಟಣದಲ್ಲಿ ಅರ್ಧ ತಮಗೆ ಸಲ್ಲಬೇಕೆಂದೂ ವಾದಿಸಿದರು. ವಾದ ನ್ಯಾಯವಾಗಿಯೇ ಇತ್ತು. ಇಬ್ಬರೂ ಸ್ನೇಹದಿಂದ ಹಂಚಿಕೊಂಡರು. ಹಚ್ಚುವ ಕ್ರಮ ಸರಿಯಾಗಿ ತಿಳಿದವನು ಅಲ್ಲಿ ಒಬ್ಬನೇ ಇದ್ದುದರಿಂದ, ಮೂರು ವರ್ಷದ ಮಕ್ಕಳನ್ನು ತನ್ನ ಕೈಯಾರೆ ಕಲಸಿ, ಎರಡು ನೆತ್ತಿಗಳಿಗೂ ಸಮನಾಗಿ ಹಚ್ಚುವ ಭಾಗ್ಯ ಸೂಕ್ಷ್ಮಜೀವಿಗೇ ಬಂತು. ಹಚ್ಚುವಾಗ ಅವನ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ್ದೆಂದು ನಿರ್ದೇಶಕರು ತಿಳಿದರು.

"ಗುಡ್" ಎಂದರು. "ನಿನ್ನ ಆದೇಶದ ಚಿಂತೆ ಬಿಡು. ಇಲ್ಲಿ ಮೊದಲನೇ ಬೆಳೆ ಕಾಣಿಸಿದ ದಿನವೇ ರುಜು."

ಅವನಿಗೆ ಒಂದು ವಿಷಯ ಹೊಳೆಯಿತು. ಈ ಬ್ಯಾಕ್ಟೀರಿಯಾ ಒಂದು ಚಿಟಿಕೆ ಉಳಿದರೂ ಸಾಕು, ಲ್ಯಾಬಿನಲ್ಲಿ ಮತ್ತೆ ಕೋಟಿ ಕೋಟಿ ಮಾಡಿಕೊಳ್ಳಬಹುದು. ಪೊಟ್ಟಣವನ್ನು ಕೊಡವಿ ನೋಡಿದ. ಮಾಲೀಕರ ಹೆಂಡತಿ ಅದನ್ನು ಆಗಲೇ ಸೋಪು ಹಾಕಿ ತೊಳೆದಿಟ್ಟಿದ್ದರು. ಇನ್ನು ಆ ಚಿಟಿಕೆ ಬೇಕೆಂದರೆ ಎರಡೇ ಕಡೆ ಸಿಗುವಂತಿತ್ತು. ಒಂದು ಕಡೆ ಮನೆಯ ಮಾಲೀಕರು, ಇನ್ನೊಂದು ಕಡೆ ಇಲಾಖೆಯ ಮಾಲೀಕರು. ಅವನು ಅಂಗಿಯ ಜೇಬಿನಲ್ಲಿ ಬೆಳಗಿನ ಚಮಚವನ್ನು ತಡವಿ ನೋಡಿಕೊಂಡು, ಇಬ್ಬರಿಗೂ ಯಾವಾಗ ನಿದ್ದೆ ಹತ್ತೀತೆಂದು ಕಾಯತೊಡಗಿದ. ಗೋಡೆಯ ಮೇಲೆ ಇರುವೆಗಳ ಸಾಲು ಮತ್ತೆ ಹೊರಟಿತ್ತು.

ಡ್ಯೂಟಿ ಮುಗಿಸಿ ಬಂದ ಹೆಂಡತಿ ಜೀಪು ನೋಡಿ, ಕಿಟಕಿಯಿಂದ ಒಳಗೆ ಇಣುಕಿದಳು. ಎರಡು ಕಪ್ಪು ತಲೆಗಳು ಕಣ್ಣುಮುಚ್ಚಿ ಕುಳಿತಿದ್ದವು. ನಡುವೆ ಅವಳ ಗಂಡ ದಿನಪತ್ರಿಕೆ ಬೀಸುತ್ತ ನಿಂತಿದ್ದ.

"ಏನ್ರೀ, ಆಯ್ತಾ ಕೆಲಸ?" ಎಂದು ಅವಳು ಪಿಸುಗುಟ್ಟಿದಳು.

"ಆಯ್ತು."

"ಕಾಯಂ ಕೆಲಸವಾ? ಏನು ಕೆಲಸ?"

ಸೂಕ್ಷ್ಮಜೀವಿ ನಿರ್ದೇಶಕರ ನೆತ್ತಿಯಿಂದ ಒಂದು ಇರುವೆಯನ್ನು ಮೆಲ್ಲಗೆ ಊದಿ ಹಾರಿಸಿದ.

"ಹೊಲ ಕಾಯೋದು" ಎಂದ.